ಗದಗ ಎಂದು ಬರೆಯಲು ಎರಡೇ ಅಕ್ಷರ ಸಾಕು

2025ರ ಜೂನ್ ಮೊದಲ ವಾರ. ಮಳೆ ಆಗಷ್ಟೇ ಹಿಡಿದಿತ್ತು. ಗೋವಾದ ಜುವಾರಿನಗರದಲ್ಲಿ, ಅಂದರೆ ವಾಸ್ಕೋದ ಬಸ್ಸಿನವರು ಈಗಲೂ ‘ಬಿರ್ಲಾ, ಬಿರ್ಲಾ’ ಎಂದು ಕೂಗುವ ಆ ಗುಡ್ಡದ ಮೇಲೆ, ಆಧಾರ್ ಸಂಖ್ಯೆ ಹೇಳಿ ಹೆಬ್ಬೆಟ್ಟು ಒತ್ತಿದರೆ ಬ್ಯಾಂಕಿನಲ್ಲಿರುವ ನಮ್ಮ ದುಡ್ಡನ್ನು ಎಣಿಸಿ ಕೊಡುವ ಸಣ್ಣ ಅಂಗಡಿಯೊಂದಿದೆ. ನನ್ನ ಮುಂದೆ ನಿಂತಿದ್ದ ಹೆಂಗಸು ಬಲಗೈ ಹೆಬ್ಬೆಟ್ಟು ಒತ್ತಿದಳು. ಯಂತ್ರ ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಒಪ್ಪಲಿಲ್ಲ. ಎಡಗೈ, ತೋರುಬೆರಳು, ನಡುಬೆರಳು, ಎಲ್ಲವೂ ಆಯಿತು. ಕೊನೆಗೆ ಅಂಗಡಿಯ ಹುಡುಗ ಆಕೆಯ ಕೈ ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿ, “ನಿಮ್ಮ ಬೆರಳಲ್ಲಿ ಗೆರೆಯೇ ಇಲ್ಲವಲ್ಲ ಮೌಶಿ” ಎಂದು ಹಿಂದಿಯಲ್ಲಿ ಹೇಳಿದ. ಹದಿನಾಲ್ಕು ವರ್ಷ ಸಿಮೆಂಟು ಕಲಸಿದ ಬೆರಳುಗಳು ಅವು. ಗೆರೆಗಳನ್ನು ಸಿಮೆಂಟು ತಿಂದು ಹಾಕಿತ್ತು. ಬ್ಯಾಂಕಿಗೇ ಹೋಗಿ ಸಹಿ ಹಾಕಿ ತೆಗೆದುಕೊಳ್ಳಿ ಎಂದ. ಆಕೆ ನನ್ನ ಕಡೆ ತಿರುಗಿ, ನನ್ನ ಮುಖದಲ್ಲಿ ಕನ್ನಡ ಬರೆದಿತ್ತೋ ಏನೋ, “ಸಹಿ ಬರುತ್ತಿದ್ದರೆ ಹೆಬ್ಬೆಟ್ಟು ಯಾಕೆ ಒತ್ತುತ್ತಿದ್ದೆ?” ಎಂದು ಕೇಳಿದಳು.

ಅದೇ ವಾರ ಪತ್ರಿಕೆಗಳಲ್ಲಿ ಗೋವಾ ಪೂರ್ಣ ಸಾಕ್ಷರ ರಾಜ್ಯವಾದ ಸುದ್ದಿ ಬಂದಿತ್ತು. ಮೇ 30ರಂದು, ರಾಜ್ಯೋದಯದ ದಿನವೇ ಘೋಷಣೆ. ವಯಸ್ಕರಿಗೆ ಅಕ್ಷರ ಕಲಿಸುವ ಕೇಂದ್ರದ ‘ಉಲ್ಲಾಸ್’ ಯೋಜನೆಯ ಲೆಕ್ಕದಲ್ಲಿ ನೂರಕ್ಕೆ 95 ದಾಟಿದರೆ ಪೂರ್ಣ ಎಂದೇ ಅರ್ಥ, ಆದ್ದರಿಂದ ಘೋಷಣೆಯಲ್ಲಿ ಸುಳ್ಳೇನಿಲ್ಲ. ಉಳಿದವರು ಯಾರು ಎಂದು ಕೇಳಿದರೆ ಬಹುಶಃ ನನ್ನ ಮುಂದೆ ನಿಂತಿದ್ದವಳಂಥವರು. ನಮ್ಮಲ್ಲಿ ಓದು ಬಾರದವರನ್ನು ‘ಹೆಬ್ಬೆಟ್ಟು’ ಎಂದು ಕರೆಯುವ ರೂಢಿಯಿದೆ. ಆ ಹೆಬ್ಬೆಟ್ಟೂ ಕೈಕೊಟ್ಟವರನ್ನು ಏನೆಂದು ಕರೆಯುವುದು ಎಂಬುದು ನನಗೆ ಇವತ್ತಿಗೂ ಹೊಳೆದಿಲ್ಲ.

ಆಕೆಯನ್ನು ನಾನು ಮರುದಿನ ಸಂಜೆ ನಮ್ಮ ತರಗತಿಗೆ ಕರೆದೆ. ‘ನಮ್ಮ’ ಎಂದರೆ ಚರ್ಚಿನ ಹಿಂದಿನ ಹಾಲಿನಲ್ಲಿ ಒಬ್ಬ ಸಿಸ್ಟರ್ ನಡೆಸುವ, ನಾನು ವಾರಕ್ಕೆ ಮೂರು ಸಲ ಹೋಗಿ ಕೈಜೋಡಿಸುವ ಅಕ್ಷರ ತರಗತಿ. ನನ್ನ ಗಂಡ ಮುರ್ಮುಗಾಂವ್ ಬಂದರಿನಲ್ಲಿ ಕೆಲಸಕ್ಕಿದ್ದ ಕಾರಣ ಬಂಟ್ವಾಳದ ಕಡೆಯ ನಾವು ಇಲ್ಲಿ ಬೇರು ಬಿಟ್ಟು ಮೂವತ್ತು ವರ್ಷ ಮೀರಿತು. ಬರುವ ಹೆಂಗಸರು ಹದಿನೈದು ಇಪ್ಪತ್ತು ಮಂದಿ. ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ಹುಬ್ಬಳ್ಳಿ ಕಡೆಯವರು. ಕಟ್ಟಡದ ಕೆಲಸ, ಮನೆಗೆಲಸ, ಕೆಲವರದು ಮೀನು ಸುಲಿಯುವ ಕೆಲಸ. ಅವರೆಲ್ಲ ನನ್ನನ್ನು ‘ಅಕ್ಕಾವರೇ’ ಎನ್ನುತ್ತಾರೆ. ಆ ಸೀಮೆಯಲ್ಲಿ ಶಾಲೆಯ ಶಿಕ್ಷಕಿಯನ್ನು ಕರೆಯುವುದೇ ಹಾಗೆ. ಶಾಲೆಯ ಮೆಟ್ಟಿಲು ಹತ್ತದವರಿಗೂ ಆ ಮರ್ಯಾದೆ ಮಾತ್ರ ಗೊತ್ತಿದೆ.

ರ ಗ ಸ ದ ಅ

ನಾನು ಅ ಆ ಇ ಈ ಎಂದು ಕಲಿತವಳು. ವರ್ಣಮಾಲೆಯನ್ನು ಬಿಟ್ಟು ಬೇರೆ ಕಡೆಯಿಂದ ಶುರು ಮಾಡುವುದು ಮೊದಲಿಗೆ ನನಗೆ ಅಪಚಾರದಂತೆ ಕಂಡಿತ್ತು. ಆದರೆ ಸಿಸ್ಟರ್ ಕರ್ನಾಟಕದ ಒಂದನೇ ತರಗತಿಯ ಕ್ರಮವನ್ನೇ ಎತ್ತಿಕೊಂಡಿದ್ದರು: ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಇದರ ಜಾಣತನ ಪಾಠ ಮಾಡಲು ಕೂತಾಗಲೇ ಗೊತ್ತಾಗುವುದು. ಐದು ಅಕ್ಷರ ಬಂದ ದಿನವೇ ಪದ ಸಿಗುತ್ತದೆ. ಸರ, ದರ, ಅರಸ, ಗರಗಸ. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಅಗಸ ಎಂಬ ಪದವೂ ಆ ಪಟ್ಟಿಯಲ್ಲಿದೆ. ಅದನ್ನು ಹಲಗೆಯ ಮೇಲೆ ಬರೆದ ದಿನ ಮೂಲೆಯಲ್ಲಿ ಕೂತಿದ್ದ ಒಬ್ಬಾಕೆ ತಲೆ ತಗ್ಗಿಸಿ, “ಅದು ನಮ್ಮ ಜಾತಿ ಅಕ್ಕಾವರೇ, ಊರಲ್ಲಿ ಹಾಗೆ ಕೂಗಿದರೆ ನನ್ನ ಗಂಡ ಜಗಳಕ್ಕೆ ನಿಲ್ಲುತ್ತಾನೆ” ಎಂದಳು. ಮಕ್ಕಳ ಪುಸ್ತಕದಲ್ಲಿ ಕತ್ತೆ, ಬಟ್ಟೆಯ ಚಿತ್ರದ ಪಕ್ಕದಲ್ಲಿ ಸುಮ್ಮನೆ ಕೂತಿರುವ ಪದ ದೊಡ್ಡವರ ತರಗತಿಯಲ್ಲಿ ಹಾಗೆ ಕೂರುವುದಿಲ್ಲ. ಅವತ್ತಿನಿಂದ ಆ ಪದವನ್ನು ಬಿಟ್ಟಿದ್ದೇವೆ.

ಸಿಮೆಂಟಿನ ಕೈಯ ನಮ್ಮಾಕೆಗೆ ಮೊದಲ ವಾರ ಪೆನ್ಸಿಲು ನಿಲ್ಲುತ್ತಲೇ ಇರಲಿಲ್ಲ. ಬಾಣಲಿ ಹಿಡಿದ ಕೈಗೆ ಪೆನ್ಸಿಲಿನ ಭಾರವೇ ತಿಳಿಯದು. ಒತ್ತಿದರೆ ಮುರಿಯುತ್ತದೆ, ಬಿಟ್ಟರೆ ಜಾರುತ್ತದೆ. ಬೆರಳ ಸಂದಿಯ ಬಿರುಕುಗಳಲ್ಲಿ ಬೂದು ಬಣ್ಣ ಕೂತುಬಿಟ್ಟಿತ್ತು. ಆದ್ದರಿಂದ ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ಬರೆಸಿದೆವು. ಆಮೇಲಿನ ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಹಲಗೆಯ ಮೇಲೆ ‘ಗರಗಸ’ ಎಂದು ಬರೆದಿತ್ತು. ಆಕೆ ಓದಿದಳು: “ಗ. ರ. ಗ. ಸ.” ನಾಲ್ಕು ಕಲ್ಲು ಎಣಿಸಿದ ಹಾಗೆ. ಮತ್ತೊಮ್ಮೆ ಓದಿದಳು. ಮೂರನೆಯ ಸಲ ಸ್ವಲ್ಪ ಬೇಗ ಬೇಗ. ನಾಲ್ಕನೆಯ ಸಲ ಅರ್ಧಕ್ಕೆ ನಿಂತು, “ಅಯ್ಯೋ, ಗರಗಸ!” ಎಂದು ತನ್ನ ತೊಡೆಯನ್ನು ತಾನೇ ತಟ್ಟಿಕೊಂಡಳು. ದಿನವೂ ಸೆಂಟ್ರಿಂಗ್ ಬಡಗಿಯ ಕೈಯಲ್ಲಿ ನೋಡುವ ವಸ್ತು ಗೋಡೆಯ ಮೇಲಿನ ಸುಣ್ಣದ ಗೀಟುಗಳೊಳಗಿಂದ ಎದ್ದು ಬಂದಿತ್ತು.

ಮಾತೃಭಾಷೆಯಲ್ಲೇ ಅಕ್ಷರ ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಆ ನಾಲ್ಕನೆಯ ಸಲವನ್ನೇ ಹೇಳುತ್ತೇನೆ. ಗೊತ್ತಿಲ್ಲದ ಭಾಷೆಯಲ್ಲಿ ಅಕ್ಷರ ಕೂಡಿಸಿದರೆ ಸದ್ದು ಬರುತ್ತದೆ, ಅದು ಸರಿಯೋ ತಪ್ಪೋ ಎಂದು ಹೇಳಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ಗೊತ್ತಿರುವ ಭಾಷೆಯಲ್ಲಿ ಕಿವಿಯೇ ಅಕ್ಕಾವರು. ಗರಗಸ ಎಂದು ಸರಿಯಾಗಿ ಓದಿದೆ ಎಂದು ನಾನು ಆಕೆಗೆ ಹೇಳಬೇಕಾಗಿಯೇ ಬರಲಿಲ್ಲ.

ಇನ್ನೊಂದು ಸಂಗತಿ ನಮ್ಮ ತರಗತಿಯ ಖಾಯಂ ತಮಾಷೆ. ರ ಗ ಸ ದ ಅ ಬಂದವರು ‘ಗದಗ’ ಎಂದು ಬರೆಯಬಲ್ಲರು. ಗ, ದ, ಮತ್ತೆ ಗ. ಎರಡೇ ಅಕ್ಷರದ ಖರ್ಚು. ಗದಗಿನ ಹೆಂಗಸರು ಮೊದಲ ವಾರವೇ ತಮ್ಮ ಊರನ್ನು ನೆಲದ ಮೇಲೆ, ನೋಟ್‌ಬುಕ್ಕಿನಲ್ಲಿ, ಅಂಗೈ ಮೇಲೆ ಬರೆದು ಮೆರೆಯುತ್ತಾರೆ. ಹುಬ್ಬಳ್ಳಿಯವರ ಪಾಡು ಹೇಳತೀರದು. ಕೊಂಬು ಬೇಕು, ಬ-ಗೆ ಬ ಒತ್ತು ಬೇಕು, ಳ-ಗೆ ಳ ಒತ್ತು, ಮೇಲೆ ಗುಡಿಸು. ನಾಲ್ಕೈದು ತಿಂಗಳು ಕಾಯಬೇಕು. “ನಮ್ಮೂರು ದೊಡ್ಡ ಜಂಕ್ಷನ್, ಅದಕ್ಕೇ ತಡ” ಎಂದು ಹುಬ್ಬಳ್ಳಿಯ ಒಬ್ಬ ಅಜ್ಜಿ ಸಮಾಧಾನ ಹೇಳಿಕೊಳ್ಳುತ್ತಾಳೆ.

ಯಾರ ಮಾತೃಭಾಷೆ?

ಇಷ್ಟು ಹೇಳಿದ ಮೇಲೆ ನನ್ನನ್ನು ಕೊರೆಯುವ ಮಾತಿಗೆ ಬರಬೇಕು. ವಾಸ್ಕೋದಲ್ಲಿ ಕನ್ನಡ ಓದಲು ಕಲಿತು ಏನನ್ನು ಓದುವುದು? ಗೋವಾ ಸರ್ಕಾರದ ಕದಂಬ ಬಸ್ಸಿನ ಬೋರ್ಡು ಇಂಗ್ಲಿಷಿನಲ್ಲೋ ದೇವನಾಗರಿಯಲ್ಲೋ ಇದೆ. ಮಾತ್ರೆಯ ಹಾಳೆ ಇಂಗ್ಲಿಷು. 1987ರ ರಾಜಭಾಷಾ ಕಾಯ್ದೆಯಂತೆ ಸರ್ಕಾರಿ ಕಾಗದ ದೇವನಾಗರಿ ಕೊಂಕಣಿಯಲ್ಲಿ, ಬೇಕಾದರೆ ಮರಾಠಿಯಲ್ಲಿ. 2011ರ ಜನಗಣತಿಯಲ್ಲಿ ಗೋವಾದ ನೂರು ಜನರಲ್ಲಿ ನಾಲ್ಕೂವರೆ ಮಂದಿಗೂ ಮಿಕ್ಕಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದ್ದಾರೆ, ಆದರೆ ಬೀದಿಯಲ್ಲಿ ಕಾಣುವ ಕನ್ನಡ ಅಕ್ಷರ ಎಷ್ಟೆಂದು ಎಣಿಸಲು ಎರಡು ಕೈ ಬೆರಳು ಸಾಕು. ನಮ್ಮ ಹೆಂಗಸರ ಮಕ್ಕಳು ಶಾಲೆಯಲ್ಲಿ ಬೇರೆ ಭಾಷೆ ಕಲಿಯುತ್ತಾರೆ. ಅಮ್ಮ ಕನ್ನಡ ಕಲಿತರೆ ಮಗಳ ಪುಸ್ತಕ ಓದಲು ಬರುವುದಿಲ್ಲ. ಇದನ್ನೆಲ್ಲ ನಾನು ಸಿಸ್ಟರ್ ಮುಂದೆ ವಾದ ಮಾಡಿದ್ದೇನೆ. ಒಂದು ಸಂಜೆ ಹಲಗೆಯ ಮೇಲೆ ಕನ್ನಡದ ಗ, ಅದರ ಪಕ್ಕದಲ್ಲಿ ನಾಗರಿಯ ಗ ಬರೆದು ತೋರಿಸಿದೆ ಕೂಡ. ಕನ್ನಡ ಕೂಡಿಸಲು ಬಂದವರು ಅದನ್ನು ಬೇಗ ಹಿಡಿದರು, ಬಾರದವರು ಎರಡರಲ್ಲೂ ಸಿಕ್ಕಿಬಿದ್ದರು. ಓದುವ ಕಸುಬು ಒಮ್ಮೆ ಒಂದು ಭಾಷೆಯಲ್ಲಿ ಕೈಗೆ ಹತ್ತಬೇಕು. ಆಮೇಲೆ ಲಿಪಿ ಬದಲಾದರೆ ಅದು ಬಾಡಿಗೆ ಮನೆ ಬದಲಿಸಿದಷ್ಟೇ ತಾಪತ್ರಯ. ಸಿಸ್ಟರ್ ಗೆದ್ದರು, ಅಷ್ಟರಮಟ್ಟಿಗೆ.

ಆದರೆ ‘ಮಾತೃಭಾಷೆ’ ಎಂಬ ಪದವೇ ಅಷ್ಟು ಸರಳವಲ್ಲ. ನಮ್ಮಲ್ಲಿ ಐವರು ತಾಂಡಾದಿಂದ ಬಂದವರು. ಅವರು ಮನೆಯಲ್ಲಿ ಆಡುವುದು ಗೋರ್ ಬೋಲಿ, ನಾವು ಲಂಬಾಣಿ ಎನ್ನುವ ಭಾಷೆ. ಕನ್ನಡ ಅವರಿಗೆ ಸಂತೆಯಲ್ಲಿ, ಕಬ್ಬಿನ ಗದ್ದೆಯಲ್ಲಿ, ಮೇಸ್ತ್ರಿಯ ಬೈಗುಳದಲ್ಲಿ ಬಂದದ್ದು. ಅದೇ ಜನಗಣತಿಯಲ್ಲಿ ಲಂಬಾಣಿಯನ್ನು ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಅವರನ್ನು ಸೇರಿಸಿರುವುದು ಹಿಂದಿಯ ಲೆಕ್ಕಕ್ಕೆ. ಭಾಷೆಗೆ ತನ್ನದೇ ಲಿಪಿಯಿಲ್ಲ. ಕರ್ನಾಟಕದಲ್ಲಿ ಕನ್ನಡ ಅಕ್ಷರ, ಆಂಧ್ರ ತೆಲಂಗಾಣದಲ್ಲಿ ತೆಲುಗು, ಮಹಾರಾಷ್ಟ್ರದಲ್ಲಿ ನಾಗರಿ.

ಅವರಲ್ಲಿ ಒಬ್ಬಾಕೆ ಮುಂಚೆ ಕಲಂಗುಟ್ ಬೀಚಿನಲ್ಲಿ ಕನ್ನಡಿ ಚೂರಿನ ಕಸೂತಿ ಚೀಲ, ಸರ ಮಾರುತ್ತಿದ್ದವಳು. ಇಂಗ್ಲಿಷ್, ರಷ್ಯನ್ ಎರಡರಲ್ಲೂ ಚೌಕಾಸಿ ಮಾಡಬಲ್ಲಳು, ಯಾವುದರಲ್ಲೂ ಓದಲಾರಳು. ಒಂದು ದಿನ ನಾನು ‘ಅಮ್ಮ’ ಎಂಬ ಪದ ಬರೆದು, ಇದು ಎಲ್ಲರಿಗೂ ಇಷ್ಟವಾಗುವ ಪದ, ಒತ್ತು ಒಂದನ್ನು ಈಗಲೇ ಕಲಿತುಬಿಡೋಣ ಎಂದೆ. ಆಕೆ ಸೀಮೆಸುಣ್ಣ ಕೆಳಗಿಟ್ಟು, “ನಾವು ಅಮ್ಮ ಎನ್ನುವುದಿಲ್ಲವಲ್ಲ ಅಕ್ಕಾವರೇ” ಎಂದಳು. ಸರಿ, ಅವ್ವ ಎಂದು ಬರೆಯುತ್ತೇನೆ ಎಂದೆ. ಉಳಿದವರೆಲ್ಲ ನಕ್ಕರು, ಆಕೆ ನಗಲಿಲ್ಲ. “ನಾವು ಯಾಡಿ ಎನ್ನುತ್ತೇವೆ. ಅದನ್ನು ಈ ಅಕ್ಷರದಲ್ಲಿ ಬರೆಯಲು ಬರುತ್ತದೆಯೇ?” ಬರುತ್ತದೆ, ಆದರೆ ಅದಕ್ಕೆ ದೀರ್ಘ ಬೇಕು, ಗುಡಿಸು ಬೇಕು, ಪಾಠದ ಕ್ರಮದಲ್ಲಿ ಅದು ಇನ್ನೂ ಮುಂದಿದೆ ಎಂದು ನಾನು ವಿವರಿಸಲು ಹೊರಟೆ. ಆಕೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡು ಬರೆದೆ: ಯಾಡಿ. ಆಕೆ ಅದರ ಮೇಲೆಯೇ ತಿದ್ದಿದಳು. ಹದಿನೆಂಟು ಇಪ್ಪತ್ತು ಸಲ ತಿದ್ದಿರಬೇಕು, ಸುಣ್ಣ ದಪ್ಪಗಾಗಿ ಅಕ್ಷರ ಉಬ್ಬಿಕೊಂಡಿತು. ಆ ದಿನ ಬೇರೆ ಪಾಠ ನಡೆಯಲಿಲ್ಲ. ಪಾಠದ ಕ್ರಮ ನನಗೆ ಈಗಲೂ ಮುಖ್ಯವೇ, ಸುಳ್ಳು ಹೇಳುವುದಿಲ್ಲ. ಆದರೆ ತಾಂಡಾದವರಿಗೆ ಈಗ ಮೊದಲ ದಿನವೇ ಆ ಪದ ಬರೆದುಕೊಡುತ್ತೇವೆ, ಓದಲಿಕ್ಕಲ್ಲ, ಇಟ್ಟುಕೊಳ್ಳಲಿಕ್ಕೆ.

ಇದರಲ್ಲಿ ನನ್ನ ಸ್ವಂತದ್ದೂ ಸ್ವಲ್ಪ ಇದೆ. ನನ್ನ ಮಾತೃಭಾಷೆ ಕೊಂಕಣಿ, ಅಕ್ಷರ ಕನ್ನಡ. ಮಂಗಳೂರಿನ ಕಥೊಲಿಕರ ಮನೆಗಳಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಓದುವುದು. 1938ರಿಂದ ಬರುತ್ತಿರುವ ‘ರಾಕ್ಣೊ’ ವಾರಪತ್ರಿಕೆ ಓದಿಯೇ ಎಷ್ಟೋ ತಾಯಂದಿರು ಅಕ್ಷರವನ್ನು ಮರೆಯದೆ ಉಳಿಸಿಕೊಂಡರು. ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಭಾನುವಾರ ಚರ್ಚಿನ ಪೂಜೆಯಲ್ಲಿ ಕೈಗೆ ಸಿಕ್ಕಿದ ಕೊಂಕಣಿ ಹಾಡಿನ ಪುಸ್ತಕ ರೋಮನ್ ಲಿಪಿಯದು. ಶಾಂತಿ ಎಂಬ ಪದಕ್ಕೆ ಮೊದಲ ಅಕ್ಷರ ಎಕ್ಸ್! ಬಿ.ಕಾಂ. ಓದಿದ ನಾನು ನನ್ನದೇ ಭಾಷೆಯ ಮುಂದೆ ತಬ್ಬಿಬ್ಬಾಗಿ, ತುಟಿ ಅಲ್ಲಾಡಿಸುತ್ತ ಹಾಡುವ ಹಾಗೆ ನಟಿಸಿದೆ. ಎಲ್ಲರೂ ಓದುತ್ತಿರುವಾಗ ಓದು ಬಾರದೆ ನಿಲ್ಲುವುದು ಹೇಗಿರುತ್ತದೆ ಎಂದು ನಾನು ಕಲಿತದ್ದು ಆ ಬೆಂಚಿನಲ್ಲಿ.

ದೊತೊರ್ನ್

ಚರ್ಚಿನ ಹಾಲಿನಲ್ಲಿ ಹಿಂದೂ ಹೆಂಗಸರಿಗೆ ಅಕ್ಷರ ಕಲಿಸುತ್ತೀರಿ ಎಂದರೆ ಮುಂದಿನ ಪ್ರಶ್ನೆ ಏನೆಂದು ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಅದನ್ನು ಕೇಳಲು ನಮ್ಮ ಬಾಗಿಲಿಗೇ ಒಬ್ಬಾತ ಬಂದ. ನಮ್ಮ ಒಬ್ಬ ಹೆಂಗಸಿನ ಗಂಡ. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ಕೈಕಟ್ಟಿ ನಿಂತು, “ಅಕ್ಷರದ ನೆಪದಲ್ಲಿ ಯೇಸುವಿನ ಪಾಠ ಮಾಡುತ್ತೀರಂತೆ” ಎಂದ. ಸಿಸ್ಟರ್ ಮಾತಿಗೆ ಮಾತು ಬೆಳೆಸದೆ ಪುಸ್ತಕ ಕೊಟ್ಟರು. ಆತ ಹಾಳೆ ತಿರುವಿದ, ಚಿತ್ರಗಳನ್ನಷ್ಟೇ ನೋಡಿದ. ಪುಸ್ತಕ ತಲೆಕೆಳಗಾಗಿದ್ದುದನ್ನು ಆತನ ಹೆಂಡತಿ ನೋಡಿದಳು, ನಾನೂ ನೋಡಿದೆ. ಆಕೆ ಎದ್ದು ಹೋಗಿ, ಏನೂ ಹೇಳದೆ, ಪುಸ್ತಕವನ್ನು ನೆಟ್ಟಗೆ ಮಾಡಿ ಕೊಟ್ಟಳು. ಎರಡು ವಾರ ಆಕೆ ಬರಲಿಲ್ಲ. ಮೂರನೆಯ ವಾರ ಬಂದಳು. ಮನೆಯಲ್ಲಿ ಏನು ಮಾತಾಯಿತು ಎಂದು ನಾವು ಕೇಳಲಿಲ್ಲ.

ಆತನ ಅನುಮಾನಕ್ಕೆ ಬುಡವೇ ಇಲ್ಲ ಎನ್ನಲಾರೆ. ಆಗ ಪುಸ್ತಕದ ಕೊನೆಯ ಓದುಪಾಠಗಳೆಲ್ಲ ಸುವಾರ್ತೆಯಿಂದ ಆಯ್ದ ಕತೆಗಳಾಗಿದ್ದವು, ತರಗತಿ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಕ್ರೈಸ್ತ ಸಾಕ್ಷರತೆಯ ಚರಿತ್ರೆಯುದ್ದಕ್ಕೂ ಇದು ಇದೆ. 1930ರ ಹೊತ್ತಿಗೆ ಫಿಲಿಪೈನ್ಸಿನ ಲನಾವೊದಲ್ಲಿ ಮುಸ್ಲಿಂ ಮರನಾವೊ ಜನರಿಗೆ ಅಕ್ಷರ ಕಲಿಸಿ, ಕಲಿತವರು ಇನ್ನೊಬ್ಬರಿಗೆ ಕಲಿಸುವ ಪದ್ಧತಿ ಹಬ್ಬಿಸಿದ ಫ್ರಾಂಕ್ ಲಾಬಕ್ ಮಿಶನರಿಯೇ. 1953ರಲ್ಲಿ ಅಲಹಾಬಾದಿನಲ್ಲಿ ಸಾಕ್ಷರತಾ ಕೇಂದ್ರ ಶುರು ಮಾಡಿ ಲಕ್ನೋಗೆ ಒಯ್ದ ವೆಲ್ದಿ ಫಿಶರ್ ಕೂಡ ಆ ದಾರಿಯಿಂದಲೇ ಬಂದವರು. ಮಂಗಳೂರಿನ ಬಾಸೆಲ್ ಮಿಶನ್ನಿನ ಕತೆ ಕನ್ನಡಿಗರಿಗೆ ಗೊತ್ತಿದ್ದದ್ದೇ. ಅದೇ ಮಿಶನ್ನಿನ ಬೆಟಗೇರಿಯ ಆಸ್ಪತ್ರೆಯನ್ನು ನಮ್ಮ ಗದಗಿನ ಹೆಂಗಸರು ಇವತ್ತಿಗೂ ಜರ್ಮನ್ ಆಸ್ಪತ್ರೆ ಎನ್ನುತ್ತಾರೆ.

ಗೋವಾದಲ್ಲಂತೂ ಚರ್ಚಿನ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಿದೆ. 1556ರಲ್ಲಿ ಮುದ್ರಣಯಂತ್ರ ಬಂದದ್ದು ಪಾದ್ರಿಗಳ ಕೈಗೆ. ಥಾಮಸ್ ಸ್ಟೀಫನ್ಸ್ ಬರೆದ ಕ್ರೈಸ್ತ ಪ್ರಶ್ನೋತ್ತರದ ‘ದೌತ್ರಿನ’ 1622ರಲ್ಲಿ, ಕೊಂಕಣಿಯ ವ್ಯಾಕರಣ 1640ರಲ್ಲಿ ರಾಚೋಲಿನಲ್ಲಿ ಅಚ್ಚಾದವು. ಆ ವ್ಯಾಕರಣದ ಹೆಸರಿನಲ್ಲಿ ಭಾಷೆಯನ್ನು ಕರೆದಿರುವುದು ‘ಕಾನಾರಿಂ’ ಎಂದು. ಕನ್ನಡಕ್ಕೂ ಕೊಂಕಣಿಗೂ ಪೋರ್ಚುಗೀಸರು ಮಾಡಿಕೊಂಡ ಆ ಗೊಂದಲ ನನಗೆ ಯಾಕೋ ಸಿಟ್ಟು ತರಿಸುವುದಿಲ್ಲ, ನನ್ನಂಥವಳಿಗೇ ಇಟ್ಟ ಹೆಸರಿನ ಹಾಗೆ ಕೇಳಿಸುತ್ತದೆ. ಇತ್ತ 1684ರಲ್ಲಿ ವೈಸರಾಯಿ, ಮೂರು ವರ್ಷದೊಳಗೆ ಎಲ್ಲರೂ ಪೋರ್ಚುಗೀಸ್ ಕಲಿಯಬೇಕು, ಊರ ಭಾಷೆ ಬಿಡಬೇಕು ಎಂದು ಆಜ್ಞೆ ಹೊರಡಿಸಿದ. ಅದರ ಹಿಂದೆ ನಮ್ಮದೇ ಸಂನ್ಯಾಸಿಗಳ ಒತ್ತಾಯವಿತ್ತು. ಆ ಕಾಲದ ಹಿಂದೆ ಮುಂದೆ ಗೋವಾ ಬಿಟ್ಟು ಕೆನರಾ ಸೀಮೆಗೆ ವಲಸೆ ಹೋದವರು ನನ್ನ ಹಿರಿಯರು. ಹೋದಲ್ಲಿ ಅವರೂ ಪರಊರಿನವರೇ. ಇವತ್ತು ಇಲ್ಲಿ ನಮ್ಮ ಹೆಂಗಸರನ್ನು ‘ಘಾಂಟಿ’, ಘಟ್ಟದವರು ಎಂದು ಮೂಗು ಮುರಿಯುವವರಲ್ಲಿ ನನ್ನ ಬೆಂಚಿನಲ್ಲೇ ಕೂರುವವರಿದ್ದಾರೆ. ಪೂಜೆ ಮುಗಿದು ಹೊರಗೆ ಬಂದ ಕೂಡಲೇ ಆ ಪದ ಅವರ ಬಾಯಿಗೆ ಬರುತ್ತದೆ. ಗೋವಾದ ಹಳೆಯ ಗಾಂವ್ಕಾರಿ, ಅಂದರೆ ಗ್ರಾಮ ಸಮುದಾಯದ, ದಾಖಲೆಗಳನ್ನು ಬರೆಯುತ್ತಿದ್ದ ‘ಗೋಯ್‌ಕಾನಡಿ’ ಲಿಪಿ ಕನ್ನಡದ ಹತ್ತಿರದ ನೆಂಟ ಎಂದು ಅವರಿಗೆ ಹೇಳಿ ನೋಡಿದ್ದೇನೆ. ಪ್ರಯೋಜನವಿಲ್ಲ.

ನನ್ನ ತಾಯಿ ಶಾಲೆಗೆ ಹೋದದ್ದು ಎರಡೇ ವರ್ಷ. ಅಕ್ಷರ ಗಟ್ಟಿಯಾದದ್ದು ದೊತೊರ್ನಿನಿಂದ, ಅಂದರೆ ಚರ್ಚಿನ ಪ್ರಶ್ನೋತ್ತರದ ಪುಸ್ತಕದಿಂದ. ಸ್ಟೀಫನ್ಸನ ‘ದೌತ್ರಿನ’ ಎಂಬ ಪದವೇ ನಮ್ಮ ಹಳ್ಳಿಯ ಬಾಯಲ್ಲಿ ಸವೆದು ಹಾಗಾಗಿದೆ. ದೇವರನ್ನು ಅರಿಯಲಿ ಎಂದು ಕಲಿಸಿದ ಅಕ್ಷರದಿಂದ ನಮ್ಮಮ್ಮ ಮೊದಲು ಮಾಡಿದ ಕೆಲಸ, ಬೀಡಿ ಕಂಪನಿಯ ಗುಮಾಸ್ತ ತನ್ನ ಪುಸ್ತಕದಲ್ಲಿ ಸಾವಿರಕ್ಕೆ ಎಷ್ಟು ಕಟ್ಟು ಕಳೆದಿದ್ದಾನೆಂದು ಓದಿ ಜಗಳ ಮಾಡಿದ್ದು. ಪಾದ್ರಿಗಳು ಬೀಡಿಯ ಲೆಕ್ಕಕ್ಕೆಂದು ಕಲಿಸಿರಲಿಲ್ಲ. ಇದನ್ನು ಸಿಸ್ಟರ್‌ಗೆ ಹೇಳಿದೆ, ಹೊಸ್ತಿಲಲ್ಲಿ ನಿಂತಿದ್ದ ಆ ಗಂಡನ ಪ್ರಕರಣವಾದ ಮೇಲೆ. ಹಸಿದವರಿಗೆ ಊಟ ಹಾಕಿ ಎಲೆ ಎತ್ತುವ ಮೊದಲು ಹೆಸರು ಕೇಳಿದ ಹಾಗೆ ಆಗಬಾರದು ಎಂದೂ ಹೇಳಿದೆ. ಅವರಿಗೆ ಬೇಸರವಾಯಿತು. ಸೇವೆಯಲ್ಲಿ ಸಾಕ್ಷಿಯೂ ಇರಬೇಕು ಎಂದು ನಂಬಿದ ಜೀವ ಅದು, ನಂಬಿಕೆ ನನ್ನದೂ ಬೇರೆಯಲ್ಲ. ಕೊನೆಗೆ ಪ್ರಾರ್ಥನೆಯನ್ನು ಅವರು ಹೆಂಗಸರು ಬರುವ ಮೊದಲೇ ಒಬ್ಬರೇ ಮುಗಿಸಿಕೊಳ್ಳುವುದೆಂದಾಯಿತು. ಸುವಾರ್ತೆಯ ಕತೆಗಳ ಪಕ್ಕದಲ್ಲಿ ವಚನ, ಗಾದೆ, ಪಾಸ್‌ಬುಕ್ಕಿನ ಹಾಳೆ, ಲಂಬಾಣಿಗರ ಸಂತ ಸೇವಾಲಾಲರ ಒಂದು ಕತೆ ಸೇರಿದವು. ಇಷ್ಟರಿಂದ ಎಲ್ಲ ಸರಿಹೋಯಿತೆಂದು ನಾನು ತಿಳಿದಿಲ್ಲ. ಹಾಲ್ ಚರ್ಚಿನದೇ, ಗೋಡೆಯ ಶಿಲುಬೆ ಅಲ್ಲೇ ಇದೆ.

ಸುವಾರ್ತೆಯ ಕತೆಗಳಲ್ಲಿ ಒಂದನ್ನು ತೆಗೆಯಲು ಮಾತ್ರ ಹೆಂಗಸರೇ ಬಿಡಲಿಲ್ಲ. ಲೂಕನ ಸುವಾರ್ತೆಯಲ್ಲಿ ಬರುವ ಹೆಂಗಸು: ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದು ಕಳೆಯುತ್ತದೆ, ದೀಪ ಹಚ್ಚಿ, ಮನೆ ಗುಡಿಸಿ ಹುಡುಕುತ್ತಾಳೆ, ಸಿಕ್ಕಿದ ಮೇಲೆ ಗೆಳತಿಯರನ್ನೂ ನೆರೆಹೊರೆಯವರನ್ನೂ ಕರೆದು ಸಂತೋಷಪಡುತ್ತಾಳೆ. ಗುಡಿಸುವ ತನಕ ಎಲ್ಲರೂ ತಲೆದೂಗಿದರು. ಕರೆದು ಹೇಳಿದಳು ಎಂಬಲ್ಲಿ ಹುಬ್ಬಳ್ಳಿಯ ಅಜ್ಜಿ ತಡೆದಳು. “ಇವಳಿಗೆ ಬುದ್ಧಿ ಇಲ್ಲ. ದುಡ್ಡು ಸಿಕ್ಕಿದ್ದನ್ನು ನೆರೆಮನೆಯವರಿಗೆ ಯಾರಾದರೂ ಹೇಳುತ್ತಾರೆಯೇ? ನಾಳೆಯೇ ಸಾಲ ಕೇಳಲು ಬರುತ್ತಾರೆ.” ಸಿಸ್ಟರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಲವತ್ತು ವರ್ಷ ಆ ಕತೆಯನ್ನು ಕೇಳಿದ ನಮಗಿಬ್ಬರಿಗೂ ಅದು ಹೊಳೆದಿರಲಿಲ್ಲ.

ಸಿಮೆಂಟಿನ ಕೈಯಾಕೆ ದೀಪಾವಳಿಯ ಮೊದಲೇ ಬ್ಯಾಂಕಿನಲ್ಲಿ ಸಹಿ ಬದಲಾಯಿಸಿಕೊಂಡಳು. ಮೂರು ಅಕ್ಷರದ ಹೆಸರು, ಮೂರನೆಯದು ಯಾವಾಗಲೂ ಗೆರೆ ಬಿಟ್ಟು ಕೆಳಗಿಳಿಯುತ್ತದೆ. ಒಮ್ಮೆ ಇಳಿಯದೆ ನೆಟ್ಟಗೆ ಬರೆದುಬಿಟ್ಟಳೆಂದು ಸಹಿ ಹೊಂದುವುದಿಲ್ಲ ಎಂದರಂತೆ. ಹಬ್ಬಕ್ಕೆ ಊರಿಗೆ ಹೊರಟ ರಾತ್ರಿ ಬಸ್ ನಿಲ್ದಾಣದಿಂದ ನನಗೆ ಫೋನು ಮಾಡಿದಳು. ಹಿಂದೆ ಗದ್ದಲ, ಯಾರದೋ ಮಗು ಅಳುವುದು.

“ಅಕ್ಕಾವರೇ, ಗದಗ ಬಸ್ಸು ಬಂದಿದೆ. ನಾನೇ ಓದಿದೆ, ಯಾರನ್ನೂ ಕೇಳಲಿಲ್ಲ.”

“ಹತ್ತಿ ಕೂತುಕೊಳ್ಳಿ ಮತ್ತೆ.”

“ಕೂರುತ್ತೇನೆ. ಗದಗದ ಕೆಳಗೆ ಸಣ್ಣದಾಗಿ ಇನ್ನೊಂದು ಬರೆದಿದೆ. ಮಾ ಇದೆ. ಆಮೇಲೆ ಗ ಇದೆ. ಗ-ದ ಬೆನ್ನಿಗೆ ಕುಡುಗೋಲಿನ ಹಾಗೆ ಒಂದು ನಿಂತಿದೆ. ಅದು ಏನು?”

ಮಾರ್ಗ, ಎಂದೆ. ಕುಡುಗೋಲಿನ ಹೆಸರು ಅರ್ಕಾವತ್ತು. ಬರೆಯುವಾಗ ಗ-ದ ಹಿಂದೆ ನಿಲ್ಲುತ್ತದೆ, ಓದುವಾಗ ಮುಂದೆ ಬರುತ್ತದೆ.

“ಹಿಂದೆ ನಿಂತು ಮುಂದೆ ಬರುತ್ತದೆಯೇ?” ಎಂದು ಆಕೆ ಅನುಮಾನದಿಂದ ಕೇಳುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ್ದು ಕೇಳಿಸಿತು, ಫೋನು ಕಡಿಯಿತು.